ಬೇಡರ ನಾಡಿನ ಬೇಟೆಯ ಮರೆ

ಸುರಪುರದ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಮಾರ್ಗಶಿರ, ಪುಷ್ಯ ಮಾಸಗಳ ನಸುಕಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಕೂಡುತ್ತದೆ. ಹೊತ್ತೇರಿದರೆ ಅದೂ ಆರಿಹೋಗುತ್ತದೆ. ಆದರೂ ಹಿಮದ ನಾಡಿನ ಬೇಟೆಗಾರನಿಗೂ ನಮ್ಮ ನಾಡಿನ ಬೇಡನಿಗೂ ಚಳಿಗಾಲ ಬಂದೊಡನೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ ಆಗಿತ್ತು: ಮರೆಯನ್ನು ಎಲ್ಲಿ ಕಟ್ಟಬೇಕು? ಕಟ್ಟಿದ ಮರೆಯೇ ಕಣ್ಣಿಗೆ ಬೀಳದಂತೆ ಅದನ್ನು ಹೇಗೆ ಮರೆಮಾಡಬೇಕು?

ಉತ್ತರ ಧ್ರುವಕ್ಕೆ ಸಮೀಪದ ಗ್ರೀನ್‌ಲ್ಯಾಂಡಿನಲ್ಲಿ ಇನ್ಯೂಟ್ ಜನರು ಸಣ್ಣದೊಂದು ಜಾರುಬಂಡಿಗೆ ಬಿಳಿಯ ಬಟ್ಟೆಯ ತೆರೆ ಕಟ್ಟಿ, ಅದರ ಹಿಂದೆ ತೆವಳುತ್ತ ಮಂಜಿನ ಮೇಲೆ ಮಲಗಿದ ಸೀಲ್ ಪ್ರಾಣಿಯನ್ನು ಸಮೀಪಿಸುತ್ತಿದ್ದರು. ಕೆನಡಾದ ಉತ್ತರ ಭಾಗದಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗದ ದಾರಿಯಲ್ಲಿ ಕಲ್ಲಿನ ಗುಪ್ಪೆಗಳನ್ನು ಸಾಲಾಗಿ ನಿಲ್ಲಿಸಿ ಹಿಂಡನ್ನು ಒಂದು ಕಡೆಗೆ ತಿರುಗಿಸುತ್ತಿದ್ದರು; ಅಲ್ಲಿ ಮೊಣಕಾಲೆತ್ತರದ ಕಲ್ಲುಗೋಡೆಯ ಹಿಂದೆ ಬಿಲ್ಲುಗಾರರು ಕುಳಿತಿರುತ್ತಿದ್ದರು. ಹಿಮವನ್ನೇ ಕೊಯ್ದು ಗೋಡೆ ಎಬ್ಬಿಸಿದಲ್ಲಿ ಅದರ ಚೂಪಾದ ಅಂಚು ನೆರಳು ಬೀರುತ್ತದೆ. ಅಂಚನ್ನು ಉಜ್ಜಿ, ಸಡಿಲ ಹಿಮವನ್ನು ಎರಚಿ, ಗೋಡೆಯನ್ನು ಸುತ್ತಲಿನ ದಿಬ್ಬದೊಡನೆ ಬೆರೆಸಿದ ಹೊರತು ಅದು ಮರೆಯಾಗಲಾರದು. ಕಣ್ಣಿಗೆ ಬೀಳುವ ಮರೆಗಿಂತ ಮರೆ ಇಲ್ಲದಿರುವುದೇ ಲೇಸು.

ಈ ವಿಷಯಕ್ಕೂ ಚರಿತ್ರೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅರಸರ ವಂಶಾವಳಿ, ಕೋಟೆ, ಕದನ ಇವು ಮಾತ್ರ ಚರಿತ್ರೆಯಲ್ಲ. ಒಂದು ನಾಡಿನ ಜನ ಯಾವ ವಿದ್ಯೆಯಿಂದ ಬದುಕಿದರು ಎಂಬುದೂ ಚರಿತ್ರೆಯೇ. ಯಾದಗಿರಿ, ಶಹಾಪುರ, ಸುರಪುರಗಳ ಕಲ್ಲುಗುಡ್ಡದ ನಾಡಿನಲ್ಲಿ ಅಂತಹ ಒಂದು ವಿದ್ಯೆ ಮರೆಯ ವಿದ್ಯೆ. ಕನ್ನಡದಲ್ಲಿ 'ಮರೆ' ಎಂಬ ಮಾತಿಗೆ ಎರಡು ಮುಖಗಳಿವೆ. ಬೇಟೆಗಾರನು ಅಡಗಿ ಕೂರುವ ತಡಿಕೆಯೂ ಮರೆ. ಹೆದರಿ ಓಡಿಬಂದವನು ಹೊಗುವ ಆಸರೆಯೂ ಮರೆ. ಮರೆಹೊಕ್ಕವರನ್ನು ಕಾಯಬೇಕೆಂದು ನಮ್ಮ ಹಿರಿಯರು ಹೇಳುವಾಗ ಬಳಸಿದ್ದು ಇದೇ ಮಾತನ್ನು. ಕೊಲ್ಲುವವನಿಗೂ ಕಾಯುವವನಿಗೂ ಒಂದೇ ಶಬ್ದವನ್ನು ಕೊಟ್ಟಿರುವ ಈ ಭಾಷೆಯ ಬೆಳಕಿನಲ್ಲಿ ಬೇಡರ ನಾಡಿನ ಕಥೆಯನ್ನು ನೋಡೋಣ.

ಕಥೆ ಆರಂಭವಾಗುವುದು ಹುಣಸಗಿಯಲ್ಲಿ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಸೀಮೆಯಲ್ಲಿ ಹುಣಸಗಿ ಮತ್ತು ಬೈಚಬಾಳ ಎಂಬ ಎರಡು ಕಣಿವೆಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಕ್ತನ ವಿದ್ವಾಂಸರಾದ ಕೆ. ಪದ್ದಯ್ಯನವರು ೧೯೭೦ರ ದಶಕದಿಂದ ಹಲವು ವರ್ಷ ಈ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿ, ಆದಿಮಾನವನ ಕಲ್ಲಿನ ಕೈಗೊಡಲಿಗಳು ಹರಡಿದ ನೆಲೆಗಳನ್ನು ನೂರಾರು ಸಂಖ್ಯೆಯಲ್ಲಿ ಗುರುತಿಸಿದರು. ಅವುಗಳಲ್ಲಿ ಇಸಾಂಪುರದ ನೆಲೆಯನ್ನು ೧೯೯೭ರಿಂದ ಅಗೆದು ನೋಡಿದಾಗ, ಸುಣ್ಣಕಲ್ಲಿನ ಪದರಗಳನ್ನು ಎಬ್ಬಿಸಿ ಆಯುಧ ಮಾಡುತ್ತಿದ್ದ ಒಂದು ಕಾರ್ಯಾಗಾರವೇ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಿ ಅದರ ಕಾಲ ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜು ಮಾಡಲಾಗಿದೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಹುಣಸಗಿಯ ಬಳಿಯ ಮತ್ತೊಂದು ನೆಲೆ. ಅಲ್ಲಿ ಕಣಶಿಲೆಯ ಗುಂಡುಗಳು ಒಂದು ತೆರವಾದ ಜಾಗವನ್ನು ಸುತ್ತುಗಟ್ಟಿದಂತೆ ಬಿದ್ದಿದ್ದವು. ಕೊಂಬೆ, ಹುಲ್ಲುಗಳ ಗಾಳಿಮರೆಯೊಂದನ್ನು ನಿಲ್ಲಿಸಲು ಆ ಗುಂಡುಗಳು ಆಸರೆಯಾಗಿದ್ದಿರಬೇಕೆಂದು ಪದ್ದಯ್ಯನವರು ಊಹಿಸಿದರು. ಊಹೆ ನಿಜವಾದರೆ, ಈ ನಾಡಿನಲ್ಲಿ ಮನುಷ್ಯನು ಎಬ್ಬಿಸಿದ ಮೊದಲ ಗೋಡೆಗಳಲ್ಲಿ ಒಂದು ಅರಮನೆಯದಲ್ಲ, ಗುಡಿಯದಲ್ಲ. ಕಲ್ಲಿಗೆ ಕೊಂಬೆ ಆನಿಸಿ ಕಟ್ಟಿದ ಮರೆ.

ಆ ಮರೆ ಹಳ್ಳದ ಬಳಿಯೇ ಏಕೆ ಇರಬೇಕು? ಮಳೆಗಾಲದಲ್ಲಿ ನೀರು ಎಲ್ಲೆಲ್ಲಿಯೂ ಇರುತ್ತದೆ. ಮೃಗಗಳೂ ಎಲ್ಲೆಲ್ಲಿಯೂ ಚದರಿರುತ್ತವೆ. ದೀಪಾವಳಿ ಕಳೆದ ಮೇಲೆ ಕುಂಟೆಗಳು ಒಂದೊಂದಾಗಿ ಬತ್ತುತ್ತವೆ. ಹುಣಸಗಿಯ ಕಣಿವೆಯಲ್ಲಿ ಮಾತ್ರ ಒರತೆಗಳ ನೀರು ಹಳ್ಳಕ್ಕೆ ಇಳಿದು ಬೇಸಗೆಯಲ್ಲಿಯೂ ಹರಿಯುತ್ತಿತ್ತು. ಮಳೆಗಾಲದಲ್ಲಿ ಚದರಿ ಗಡ್ಡೆಗೆಣಸು, ಹಣ್ಣುಹಂಪಲುಗಳಿಂದ ಬದುಕಿದ ಜನ, ನೆಲ ಒಣಗಿದಂತೆ ಈ ಹಳ್ಳಗಳ ಬಳಿಗೆ ಬಂದು ಸೇರಿ, ನೀರಿಗೆ ಬರುವ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುತ್ತಿದ್ದರೆಂಬುದು ಪದ್ದಯ್ಯನವರ ವಿವರಣೆ. ಚಳಿಗಾಲವೆಂದರೆ ಈ ಕೂಡುವಿಕೆಯ ಹೊಸ್ತಿಲು. ಮೃಗದ ಹಿಂದೆ ಓಡುವುದಕ್ಕಿಂತ ಮೃಗ ಬರುವ ಕಡೆ ಕಾಯುವುದು ಲೇಸೆಂಬ ತಿಳಿವಳಿಕೆ ಅಂದಿನಿಂದ ಬಂದದ್ದು. ಮುಂದೆ ದನ ಸಾಕುವ ನವಶಿಲಾಯುಗದ ಜನ ಇದೇ ಸೀಮೆಯ ಕೊಡೇಕಲ್ಲು, ಬೂದಿಹಾಳಗಳಲ್ಲಿ ಸಗಣಿ ಸುಟ್ಟ ಬೂದಿಯ ದಿಬ್ಬಗಳನ್ನು ಬಿಟ್ಟುಹೋದರು. ಹಟ್ಟಿಯಲ್ಲಿ ದನ ಕಟ್ಟಿದ ಮೇಲೂ ಬೇಟೆ ನಿಲ್ಲಲಿಲ್ಲ. ದಕ್ಷಿಣದ ಇಂತಹ ನೆಲೆಗಳಲ್ಲಿ ದನಕುರಿಗಳ ಎಲುಬಿನ ಜೊತೆಗೆ ಕಾಡುಮೃಗಗಳ ಎಲುಬೂ ದೊರೆಯುತ್ತದೆ.

ಇನ್ನು ಮರೆ ಕಟ್ಟುವ ಬಗೆಯನ್ನು ನೋಡೋಣ. ಇದು ನೆಲವನ್ನೂ ಗಾಳಿಯನ್ನೂ ಓದುವ ವಿದ್ಯೆ. ಚಿಗರಿ ಎಂದು ನಮ್ಮ ಕಡೆ ಕರೆಯುವ ಕೃಷ್ಣಮೃಗಕ್ಕೆ ಕಣ್ಣೇ ಕಾವಲು. ಬಯಲಿನಲ್ಲಿ ದೂರದ ಸಣ್ಣ ಚಲನೆಯನ್ನೂ ಅದು ಗುರುತಿಸಿ ನೆಗೆಯುತ್ತದೆ. ಕಾಡುಹಂದಿಗೆ ಕಣ್ಣು ಮಂದ, ಮೂಗು ಚುರುಕು. ಆದ್ದರಿಂದ ಚಿಗರಿಗೆ ಕಟ್ಟುವ ಮರೆ ನೋಟವನ್ನು ತಡೆಯಬೇಕು. ಹಂದಿಗೆ ಕಟ್ಟುವ ಮರೆ ಗಾಳಿಯನ್ನು ಲೆಕ್ಕ ಹಾಕಬೇಕು.

ಚಳಿಗಾಲದಲ್ಲಿ ನಮ್ಮಲ್ಲಿ ಬೀಸುವುದು ಮೂಡಗಾಳಿ. ಮೃಗದ ಕಡೆಯಿಂದ ತನ್ನ ಕಡೆಗೆ ಗಾಳಿ ಬರಬೇಕಾದರೆ ಬೇಟೆಗಾರನು ನೀರಿನ ಪಡುವಣಕ್ಕೆ ಕೂರಬೇಕು. ಪಡುವಣಕ್ಕೆ ಕುಳಿತು ಮೂಡಣಕ್ಕೆ ನೋಡಿದರೆ ಬೆಳಗಿನ ಬಿಸಿಲು ನೇರವಾಗಿ ಮುಖದ ಮೇಲೆಯೇ ಬೀಳುತ್ತದೆ. ಬಿಸಿಲಿಗೆ ಮುಖ ಮಿನುಗುತ್ತದೆ, ಆಯುಧ ಹೊಳೆಯುತ್ತದೆ. ಗಾಳಿ ಬೇಕೆಂದರೆ ಬಿಸಿಲು ಶತ್ರು, ಬಿಸಿಲು ತಪ್ಪಿಸಿದರೆ ಗಾಳಿ ಶತ್ರು. ಈ ಇಕ್ಕಟ್ಟಿಗೆ ಪರಿಹಾರ ಮರೆಯ ಆಳ. ಎರಡು ಬಂಡೆಗಳ ಸಂದಿಯಲ್ಲಿ ಹಿಂದಕ್ಕೆ ಸರಿದು ಕುಳಿತು, ಮೇಲೆ ಕೊಂಬೆ ಹಾಸಿ, ಮುಂದೆ ಗೇಣಗಲದ ಕಿಂಡಿ ಬಿಟ್ಟರೆ ಒಳಗೆ ಕತ್ತಲೆ ಉಳಿಯುತ್ತದೆ. ಬೆನ್ನ ಹಿಂದೆ ಬೆಳಕು ಬರುವ ತೆರಪಿದ್ದರೆ ಮಾತ್ರ ಕೆಲಸ ಕೆಟ್ಟಿತು. ತಲೆ ಅಲುಗಿದ್ದೆಲ್ಲ ಹೊರಗಿನಿಂದ ಕಾಣುತ್ತದೆ. ದಿಬ್ಬದ ನೆತ್ತಿಯ ಮೇಲೆ ಕೂರುವುದೂ ಸಲ್ಲದು. ಆಕಾಶದ ಬಿಳುಪಿನ ಎದುರು ತಲೆಯ ಆಕಾರ ಬರೆದಿಟ್ಟಂತೆ ತೋರುತ್ತದೆ.

ಮರೆಯ ಸಾಮಗ್ರಿ ಆ ಸ್ಥಳದ್ದೇ ಆಗಿರಬೇಕು. ಮಳೆಗಾಲದಲ್ಲಿ ಹಸುರು ತಂಗಡಿಯ ಕೊಂಬೆ ಒಪ್ಪುತ್ತದೆ. ಪುಷ್ಯಮಾಸದಲ್ಲಿ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿದಾಗ ಅದೇ ಹಸುರು ಕೊಂಬೆ ಗುಟ್ಟು ಬಿಟ್ಟುಕೊಡುತ್ತದೆ. ಆಗ ಒಣಹುಲ್ಲು, ಜಾಲಿಯ ಮುಳ್ಳು, ಹೊಲದ ಅಂಚಾದರೆ ಜೋಳದ ಕಣಿಕೆ ಇವೇ ಸರಿ. ಕಡಿದ ಕೊಂಬೆ ಒಂದೆರಡು ದಿನದಲ್ಲಿ ಬಾಡಿ ಎಲೆ ಮಗುಚಿಕೊಳ್ಳುತ್ತದೆ. ಕಡಿದ ಬುಡದ ಬಿಳುಪಿಗೆ ಮಣ್ಣು ಮೆತ್ತಬೇಕು. ಮರೆಯ ಪಕ್ಕದ ಗಿಡವನ್ನೇ ಕಡಿದರೆ ಬೋಳಾದ ಜಾಗ ಅನುಮಾನ ಹುಟ್ಟಿಸುತ್ತದೆ. ಕೂರುವ ದಿನವೇ ಕಟ್ಟದೆ ನಾಲ್ಕಾರು ದಿನ ಮೊದಲು ಕಟ್ಟಿ ಬಿಟ್ಟರೆ ಮೃಗಗಳಿಗೆ ಅದು ರೂಢಿಯಾಗುತ್ತದೆ. ಹಿಮದ ನಾಡಿನಲ್ಲಿ ಹೆಜ್ಜೆಗುರುತು ಬೇಟೆಗಾರನನ್ನು ಹಿಡಿದುಕೊಡುವಂತೆ ನಮ್ಮಲ್ಲಿ ಇಬ್ಬನಿ ಹಿಡಿದುಕೊಡುತ್ತದೆ. ನಸುಕಿನಲ್ಲಿ ಹುಲ್ಲು ತುಳಿದು ಬಂದವನ ದಾರಿ ಕಪ್ಪು ಗೆರೆಯಂತೆ ಉಳಿಯುತ್ತದೆ. ಆದ್ದರಿಂದ ಮರೆಯ ಒಳದಾರಿ ಹಿಂಬದಿಯಿಂದ, ಕಲ್ಲಿನ ಮೇಲಿನಿಂದ ಇರಬೇಕು.

ನಿಂತ ಮರೆಯಂತೆ ನಡೆಯುವ ಮರೆಯೂ ಉಂಟು. ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿ ಎಂದೂ, ಬೇರೆಡೆ ಪಾರ್ಧಿ ಎಂದೂ ಕರೆಯಿಸಿಕೊಂಡ ಅಲೆಮಾರಿ ಬೇಟೆಗಾರರು ಪಳಗಿಸಿದ ಎತ್ತು ಅಥವಾ ಆಕಳನ್ನು ಮೇಯಿಸುತ್ತ ಅದರ ಮಗ್ಗುಲಲ್ಲಿ ಬಾಗಿ ನಡೆದು ಗೌಜಲ ಹಕ್ಕಿ, ಚಿಗರಿಗಳನ್ನು ಉರುಲಿನ ಕಡೆಗೆ ಸರಿಸುತ್ತಿದ್ದರು. ದನಕ್ಕೆ ಹೆದರದ ಮೃಗ ದನದ ಹಿಂದಿನ ಮನುಷ್ಯನನ್ನು ಕಾಣದು. ಸಂಸ್ಥಾನಿಕರು ಸಾಕಿದ ಚಿರತೆಗಳಿಂದ ಚಿಗರಿ ಬೇಟೆಯಾಡಿಸುವಾಗ ಅವುಗಳನ್ನು ರೈತರ ಬಂಡಿಗಳಲ್ಲಿ ಒಯ್ಯುತ್ತಿದ್ದುದೂ ಇದೇ ಕಾರಣಕ್ಕೆ. ದಿನವೂ ಬಂಡಿ ನೋಡಿದ ಚಿಗರಿ ಬಂಡಿಗೆ ಬೆದರದು. ಆ ಬೇಟೆಯ ಚೀತಾ ಎಂಬ ಪ್ರಾಣಿಯೇ ಭಾರತದಲ್ಲಿ ಅಳಿದುಹೋಯಿತೆಂದು ೧೯೫೨ರಲ್ಲಿ ಘೋಷಿಸಬೇಕಾಯಿತು.

ಈ ವಿದ್ಯೆ ಕಾಡಿನ ಜನರಲ್ಲಿ ಮಾತ್ರ ಉಳಿಯದೆ ಅರಮನೆಯ ಗ್ರಂಥಕ್ಕೂ ಏರಿತು. ನಮ್ಮ ಸೀಮೆಯನ್ನೂ ಒಳಗೊಂಡು ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೃಗಯಾ ವಿನೋದಕ್ಕೆ ಒಂದು ಭಾಗವೇ ಮೀಸಲು. ನೀರಿನ ಬಳಿ ಕಾಯುವುದು, ಸಾಕಿದ ಜಿಂಕೆಯನ್ನು ಬಿಟ್ಟು ಕಾಡು ಜಿಂಕೆಯನ್ನು ಸೆಳೆಯುವುದು ಮುಂತಾದ ಬಗೆಗಳನ್ನು ಅರಸನು ಶಾಸ್ತ್ರದಂತೆ ವಿವರಿಸಿದ್ದಾನೆ.

ಆದರೆ ನಮ್ಮ ಪುರಾಣಗಳು ಮರೆಯ ಬಗ್ಗೆ ಒಂದು ಎಚ್ಚರವನ್ನೂ ಹೇಳುತ್ತವೆ. ದಶರಥನು ಸರಯೂ ತೀರದ ಕತ್ತಲಲ್ಲಿ ಮೃಗಕ್ಕಾಗಿ ಹೊಂಚು ಕುಳಿತಿದ್ದ. ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯದೆಂದು ಬಗೆದು ಬಾಣ ಬಿಟ್ಟ. ಸತ್ತವನು ಕುರುಡ ತಂದೆತಾಯಿಗಳ ಒಬ್ಬನೇ ಮಗ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸಿದಾಗ, ಮನುಷ್ಯರು ಬಲೆಯಿಂದಲೂ ಮರೆಯಿಂದಲೂ ಮೃಗಗಳನ್ನು ಹಿಡಿಯುವುದಿಲ್ಲವೇ ಎಂಬುದು ರಾಮನ ಉತ್ತರಗಳಲ್ಲಿ ಒಂದು. ಆ ಉತ್ತರ ಸಾಕೇ ಎಂದು ಕೇಳುಗರು ಇಂದಿಗೂ ವಾದಿಸುತ್ತಾರೆ. ಮಹಾಭಾರತದಲ್ಲಿ ಕೊಳದ ನೀರಿನಲ್ಲಿ ಅಡಗಿದ್ದ ದುರ್ಯೋಧನನ ಸುಳಿವನ್ನು ಪಾಂಡವರಿಗೆ ಮುಟ್ಟಿಸಿದವರು ಯಾರು? ಬೇಡರು. ಅಡಗುವುದನ್ನು ಬಲ್ಲವನಿಗೇ ಅಡಗಿದವನ ಜಾಡು ಸಿಕ್ಕುತ್ತದೆ. ಕಾಣದೆ ಕಾಣುವ ಶಕ್ತಿ ಒದಗಿದವನ ಮೇಲೆ ಗುರಿಯಲ್ಲಿರುವುದು ಏನೆಂದು ನಿಶ್ಚಯಿಸಿಕೊಳ್ಳುವ ಹೊಣೆಯೂ ಬೀಳುತ್ತದೆಂಬುದು ಈ ಕಥೆಗಳ ತಿರುಳು.

ಬೇಟೆಯ ಮರೆ ಯುದ್ಧದ ಮರೆಯಾದುದನ್ನು ನೋಡಬೇಕಾದರೆ ಸುರಪುರಕ್ಕೆ ಹತ್ತಿರದ ವಾಗಣಗೇರಾ ಗುಡ್ಡಕ್ಕೆ ಹೋಗಬೇಕು. ಎಂಬತ್ತು ದಾಟಿದ ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ನಡೆದದ್ದು ಇಲ್ಲಿ, ೧೭೦೫ರಲ್ಲಿ. ಬಿಜಾಪುರ, ಗೋಲ್ಕೊಂಡಗಳನ್ನು ನುಂಗಿದ ಸೈನ್ಯವನ್ನು ಬೇಡರ ನಾಯಕ ಪಿಡ್ಡನಾಯಕನ ಜನ ಸುಮಾರು ಮೂರು ತಿಂಗಳು ತಡೆದರು. ಬಂಡೆಗಳ ಸಂದಿಯಿಂದ ಗುರಿಯಿಡುವ ಬಂದೂಕುಗಾರರೆಂದು ಬೇಡರಿಗೆ ಹೆಸರಿತ್ತು. ಚಿಗರಿಗಾಗಿ ಕುಳಿತು ಕಲಿತ ತಾಳ್ಮೆಯೇ ಇಲ್ಲಿ ಕೋಟೆಗೆ ಕಾವಲಾಯಿತು. ನಡುವೆ ಧನಾಜಿ ಜಾಧವನ ಮರಾಠಾ ದಂಡು ನೆರವಿಗೆ ಬಂತು. ಶರಣಾಗತಿಯ ಮಾತು ನಡೆಸಿ ಕಾಲವನ್ನು ಗಳಿಸಿಕೊಂಡರು. ನಾಯಕನಿಗೆ ಬುದ್ಧಿಭ್ರಮೆಯಾಗಿ ಮರಾಠರೊಡನೆ ಹೊರಟುಹೋದನೆಂಬ ಸುದ್ದಿಯನ್ನೂ ಹಬ್ಬಿಸಿದರು. ಕೊನೆಗೆ ಏಪ್ರಿಲ್ ತಿಂಗಳ ಒಂದು ರಾತ್ರಿ ಎಲ್ಲರೂ ಸದ್ದಿಲ್ಲದೆ ಇಳಿದುಹೋದರು. ಮೊಗಲರ ಕೈಗೆ ಸಿಕ್ಕಿದ್ದು ಬರಿದಾದ ಕೋಟೆ. ಸಮೀಪದ ದೇವಾಪುರದ ಪಾಳೆಯದಲ್ಲಿ ಬಾದಶಹನು ಹಾಸಿಗೆ ಹಿಡಿದ. ಎರಡು ವರ್ಷಗಳೊಳಗೆ, ೧೭೦೭ರಲ್ಲಿ, ಅಹಮದನಗರದಲ್ಲಿ ತೀರಿಕೊಂಡ. ಬೇಡರ ರಾಜ್ಯವಾದರೋ ಸುರಪುರವನ್ನು ಕೇಂದ್ರ ಮಾಡಿಕೊಂಡು ಇನ್ನೂ ಒಂದೂವರೆ ಶತಮಾನ ಬಾಳಿತು.

ಅದರ ಅಂತ್ಯದಲ್ಲಿಯೂ ಮರೆಯ ಮಾತು ಬರುತ್ತದೆ. ೧೮೫೭ರಲ್ಲಿ ಕಂಪೆನಿ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ಮಾಡಿತು. ಬೇಟೆಯಿಂದ ಬದುಕುವವನ ಕೈಯಿಂದ ಆಯುಧ ಕಸಿಯುವುದೆಂದರೆ ಒಕ್ಕಲಿಗನ ನೇಗಿಲು ಕಸಿದಂತೆ. ಮುಧೋಳದ ಹತ್ತಿರದ ಹಲಗಲಿಯ ಬೇಡರು ಅದಕ್ಕೆ ಒಪ್ಪದೆ ತಿರುಗಿಬಿದ್ದರು. ಊರನ್ನು ಸುಟ್ಟು ಹಿಡಿದವರನ್ನು ಗಲ್ಲಿಗೇರಿಸಲಾಯಿತು. ೧೮೫೮ರ ಫೆಬ್ರವರಿಯಲ್ಲಿ ಸುರಪುರದ ತರುಣ ರಾಜ ವೆಂಕಟಪ್ಪನಾಯಕನೂ ಇಂಗ್ಲಿಷರ ಮೇಲೆ ಎದ್ದು ಸೋತನು. ತನ್ನ ನಾಡಿನ ಗುಡ್ಡಗಳಲ್ಲಿ ಅಡಗಿದ್ದರೆ ಏನಾಗುತ್ತಿತ್ತೋ. ಅವನು ಮರೆ ಹುಡುಕಿಕೊಂಡು ಹೋದದ್ದು ಹೈದರಾಬಾದಿಗೆ. ಅಲ್ಲಿ ಮರೆ ಸಿಕ್ಕಲಿಲ್ಲ, ಸೆರೆ ಸಿಕ್ಕಿತು. ಅವನನ್ನು ಮಗುವಾಗಿದ್ದಾಗಿನಿಂದ ಬಲ್ಲ, ಹಿಂದೆ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸೆರೆಮನೆಯಲ್ಲಿ ಅವನನ್ನು ಕಂಡುಬಂದದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದೇ ವರ್ಷ, ಸೆರೆಯಲ್ಲಿ ಸಾಗಿಸುತ್ತಿದ್ದಾಗ, ಗುಂಡು ತಗುಲಿ ರಾಜನು ಸತ್ತನು. ಸಂಸ್ಥಾನ ೧೮೬೦ರಲ್ಲಿ ನಿಜಾಮರ ಪಾಲಾಯಿತು.

ಬೇಟೆಗಾರರ ಮೇಲೆ ಬಿದ್ದ ಪೆಟ್ಟು ಅಲ್ಲಿಗೆ ನಿಲ್ಲಲಿಲ್ಲ. ೧೮೭೧ರ ಬ್ರಿಟಿಷ್ ಕಾಯಿದೆಯೊಂದು ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಬಗೆಯುವುದಕ್ಕೆ ದಾರಿ ಮಾಡಿತು. ಕಾಲಾನಂತರದಲ್ಲಿ ಪಾರ್ಧಿಗಳಂತಹ ಅಲೆಮಾರಿಗಳೂ ಆ ಪಟ್ಟಿಗೆ ಸೇರಿದರು. ಅಡಗಿ ಕೂರಬಲ್ಲವನು ಕಳ್ಳನೇ ಇರಬೇಕೆಂಬುದು ಕಚೇರಿಯ ತರ್ಕ! ಸ್ವತಂತ್ರ ಭಾರತ ೧೯೫೨ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು; ಆದರೆ ಕಾಗದದಿಂದ ಅಳಿಸಿದ ಕಳಂಕ ಜನರ ಮನಸ್ಸಿನಿಂದ ಅಷ್ಟು ಬೇಗ ಅಳಿಯಲಿಲ್ಲ. ಇತ್ತ ಬಂದೂಕು, ಮೋಟಾರುಗಳು ಬಂದ ಮೇಲೆ ಮೃಗಗಳ ಸಂಖ್ಯೆ ಇಳಿಯುತ್ತ ಹೋಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿತು. ಚಿಗರಿಗೆ ಕಾನೂನಿನ ಗಟ್ಟಿ ರಕ್ಷಣೆ ದೊರೆಯಿತು. ಅದು ಆಗಬೇಕಾದದ್ದೇ. ಆದರೆ ಬಿಸಿಲು, ಗಾಳಿ, ಹೆಜ್ಜೆ, ಹುಲ್ಲುಗಳನ್ನು ಓದಬಲ್ಲ ಕಣ್ಣುಗಳಿಗೆ ಬೇರೆ ಕೆಲಸ ಕೊಡುವ ಚಿಂತೆಯನ್ನು ಬಹುಕಾಲ ಯಾರೂ ಮಾಡಲಿಲ್ಲ. ಹೊಟ್ಟೆಗೆ ದಾರಿಯಿಲ್ಲದವನ ಕೈಯಲ್ಲಿ ಹಳೆಯ ವಿದ್ಯೆ ಅಪರಾಧವಾಗಿ ಉಳಿಯಿತು. ದಾರಿ ಸಿಕ್ಕಿದವನ ಮಕ್ಕಳು ಅದನ್ನು ಮರೆತರು. ಮಧ್ಯಪ್ರದೇಶದ ಪನ್ನಾ ಹುಲಿಗಾಡಿನ ಬಳಿ ಪಾರ್ಧಿ ತರುಣರು ಪ್ರವಾಸಿಗಳಿಗೆ ಕಾಡನ್ನೂ ಹೆಜ್ಜೆಗುರುತುಗಳನ್ನೂ ತೋರಿಸುವ ಮಾರ್ಗದರ್ಶಿಗಳಾಗಿರುವುದು ಈ ಕತ್ತಲೆಯಲ್ಲಿ ಕಾಣುವ ಒಂದು ಬೆಳಕು. ನಮ್ಮ ಸೀಮೆಯಲ್ಲಿಯೂ ಅದಕ್ಕೆ ಎಡೆಯಿದೆ.

ಸುರಪುರ ತಾಲೂಕಿನ ಬೋನಾಳ ಕೆರೆಯನ್ನು ನೋಡಿ. ನಾಯಕರ ಕಾಲದ ಈ ಕೆರೆ ಈಗ ಪಕ್ಷಿಧಾಮ. ಚಳಿಗಾಲ ಬಂದಿತೆಂದರೆ ಕೊಕ್ಕರೆ, ಬಾತುಗಳು ನೀರಿನ ಅಂಚನ್ನು ತುಂಬುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇದೇ ಕಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯದಲ್ಲಿ ಮರಿ ಮಾಡಿ, ಹಿಮಾಲಯವನ್ನೇ ದಾಟಿ ಬಂದವು. ತಮ್ಮ ನಾಡಿನ ಹಿಮಕ್ಕೆ ಅಂಜಿ ನಮ್ಮ ಕೆರೆಗಳಲ್ಲಿ ಮರೆಹೊಕ್ಕ ಅತಿಥಿಗಳಿವು. ಅವುಗಳನ್ನು ನೋಡಬೇಕೆಂದರೆ ಇಂದಿಗೂ ಬೇಡನ ಪಾಠವೇ ಬೇಕು: ಗಾಳಿ ಯಾವ ಕಡೆ, ಬಿಸಿಲು ಯಾವ ಕಡೆ, ಬಟ್ಟೆಯ ಬಣ್ಣ ಯಾವುದು, ಬೆನ್ನ ಹಿಂದೆ ಬೆಳಕಿದೆಯೇ, ಕೈ ಅಲುಗದೆ ಎಷ್ಟು ಹೊತ್ತು ಕೂರಬಲ್ಲೆ? ಪಕ್ಷಿವೀಕ್ಷಕನ ತಡಿಕೆಯೂ ಚಿತ್ರ ತೆಗೆಯುವವನ ಡೇರೆಯೂ ಹುಣಸಗಿಯ ಗಾಳಿಮರೆಯ ವಂಶದವೇ. ಬದಲಾದದ್ದು ಕಿಂಡಿಯಿಂದ ಹೊರಬರುವ ವಸ್ತು ಮಾತ್ರ.

ಮುಂದಿನ ಚಳಿಗಾಲದಲ್ಲಿ ತಾವು ಯಾದಗಿರಿಯಿಂದ ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಹೋಗುವುದಾದರೆ, ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನ ಆಕಾರವನ್ನು ನೋಡಿ ಮುಂದೆ ಸಾಗುವಾಗ ದಾರಿಯ ಬದಿಯ ಬಂಡೆಗಳ ಸಂದುಗಳನ್ನೂ ಒಮ್ಮೆ ಗಮನಿಸಿ. ಅಲ್ಲಿ ಎಷ್ಟೋ ತಲೆಮಾರುಗಳ ಜನ ಉಸಿರು ಬಿಗಿಹಿಡಿದು ಕುಳಿತಿದ್ದರು. ಜೊತೆಗೆ ಮಕ್ಕಳಿದ್ದರೆ ಬೋನಾಳದ ದಂಡೆಯಲ್ಲಿ ಅರ್ಧ ಗಂಟೆ ಮಾತಿಲ್ಲದೆ ಕೂರಿಸಿ ನೋಡಿ. ಕೊಕ್ಕರೆ ತಾನಾಗಿ ಹತ್ತಿರ ಬಂದರೆ, ಮರೆ ಕಟ್ಟುವ ವಿದ್ಯೆಯ ಮೊದಲ ಪಾಠ ಅವರಿಗೆ ಆದಂತೆಯೇ ಸರಿ.